ಬೆಳಿಗ್ಗೆ ಹಚ್ಚಿದ ಸನ್‌ಸ್ಕ್ರೀನ್ ಸಂಜೆಯವರೆಗೆ ಕಾಯುವುದೇ?

ಕಳೆದ ವರ್ಷ ಆಗಸ್ಟ್ ತಿಂಗಳ ಕೊನೆಯ ವಾರ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಮುಗಿದು ನಾಲ್ಕು ದಿನವಾಗಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಯಿಯೊಂದಿಗೆ ವಿಜ್ಞಾನದ ಕೊಠಡಿಗೆ ಬಂದಳು. ಖೊ ಖೊ ತಂಡದಲ್ಲಿ ನಮ್ಮ ಶಾಲೆಯ ಚುರುಕಿನ ಓಟಗಾರ್ತಿ ಅವಳು. ಮೂಗಿನ ಮೇಲೆ, ಕತ್ತಿನ ಹಿಂಭಾಗದಲ್ಲಿ ಚರ್ಮ ಕಂದಿ, ಅಲ್ಲಲ್ಲಿ ಸಿಪ್ಪೆ ಏಳತೊಡಗಿತ್ತು. ತಾಯಿ ಕೈಚೀಲದಿಂದ ಸನ್‌ಸ್ಕ್ರೀನ್ ಟ್ಯೂಬೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

‘ನೋಡಿ ಮೇಷ್ಟ್ರೇ, ಇದರ ಮೇಲೆ 50 ಅಂತ ಬರೆದಿದೆ. ಹತ್ತು ನಿಮಿಷಕ್ಕೆ ಸುಡೋ ಚರ್ಮ ಇದನ್ನ ಹಚ್ಚಿಕೊಂಡರೆ ಐನೂರು ನಿಮಿಷ ಸುಡೋದಿಲ್ಲ ಅಂತ ಅಂಗಡಿಯವರೇ ಲೆಕ್ಕ ಹೇಳಿದರು. ಐನೂರು ನಿಮಿಷ ಅಂದರೆ ಎಂಟು ಗಂಟೆಗೂ ಮೇಲಾಯಿತು. ಬೆಳಿಗ್ಗೆ ಏಳಕ್ಕೆ ಹಚ್ಚಿ ಕಳಿಸಿದೆ. ಮಧ್ಯಾಹ್ನ ಮೂರರೊಳಗೇ ಹೀಗಾಗಿದೆ. ಇದು ಮೋಸ ಅಲ್ಲದೆ ಇನ್ನೇನು? ಇನ್ನು ಮೇಲೆ ಇವಳನ್ನ ಆಟಕ್ಕೆ ಕಳಿಸೋದಿಲ್ಲ.’

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಮೂಗಿನ ಉರಿಗಿಂತ ತಾಯಿಯ ಕೊನೆಯ ಮಾತೇ ಅವಳನ್ನು ಹೆಚ್ಚು ಸುಟ್ಟಂತಿತ್ತು.

ಅಂಗಡಿಯವರ ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಗುಣಿಸಬಾರದ್ದನ್ನು ಗುಣಿಸಿದ್ದರು. ಇದೇ ಲೆಕ್ಕವನ್ನು ನಂಬಿ ದಿನವೂ ಮಕ್ಕಳನ್ನು ಬಿಸಿಲಿಗೆ ಕಳಿಸುವ ತಂದೆ ತಾಯಿಯರು ಬಹಳ ಮಂದಿ. ಆದ್ದರಿಂದ ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತಿದ್ದೇನೆ.

ಬಿಸಿಲಿನಲ್ಲಿ ಸುಡುವುದು ಯಾವುದು?

ಬಿಸಿಲಿನಲ್ಲಿ ಚರ್ಮವನ್ನು ಸುಡುವುದು ಅದರ ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಇವುಗಳಲ್ಲಿ ಮೂರು ಬಗೆ. 280 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗದೂರದ ‘ಸಿ’ ಕಿರಣಗಳನ್ನು ವಾತಾವರಣದ ಓಜೋನ್ ಮತ್ತು ಆಮ್ಲಜನಕ ಪೂರ್ತಿಯಾಗಿ ಹೀರಿಕೊಳ್ಳುತ್ತವೆ. 280ರಿಂದ 315ರವರೆಗಿನ ‘ಬಿ’ ಕಿರಣಗಳಲ್ಲಿ ಸ್ವಲ್ಪ ಭಾಗ ಮಾತ್ರ ನೆಲ ಮುಟ್ಟುತ್ತದೆ. ಚರ್ಮ ಕೆಂಪಾಗಿ ಉರಿಯುವುದಕ್ಕೆ ಮುಖ್ಯ ಕಾರಣ ಇವೇ. 315ರಿಂದ 400ರವರೆಗಿನ ‘ಎ’ ಕಿರಣಗಳು ಧಾರಾಳವಾಗಿ ಬರುತ್ತವೆ. ಇವು ಚರ್ಮದ ಆಳಕ್ಕೆ ಇಳಿದು, ಅದನ್ನು ಕಪ್ಪಾಗಿಸಿ, ವರ್ಷಗಳು ಕಳೆದಂತೆ ಸುಕ್ಕು ತರುತ್ತವೆ. ಕಿಟಕಿಯ ಸಾಧಾರಣ ಗಾಜು ‘ಬಿ’ ಕಿರಣಗಳನ್ನು ತಡೆದರೂ ‘ಎ’ ಕಿರಣಗಳನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ.

ಸನ್‌ಸ್ಕ್ರೀನ್ ಎಂದರೆ ಈ ಕಿರಣಗಳನ್ನು ಚರ್ಮದ ಮೇಲೆಯೇ ಹೀರಿಕೊಳ್ಳುವ ಅಥವಾ ಚದುರಿಸುವ ತೆಳುವಾದ ಪೊರೆ. ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ಗಳಂಥ ಖನಿಜದ ಪುಡಿಗಳು ಕೆಲವದರಲ್ಲಿರುತ್ತವೆ. ಅವೊಬೆಂಜೋನ್‌ನಂಥ ಇಂಗಾಲದ ಸಂಯುಕ್ತಗಳು ಇನ್ನು ಕೆಲವದರಲ್ಲಿರುತ್ತವೆ. ಟ್ಯೂಬಿನ ಮೇಲೆ ‘ಎಸ್‌ಪಿಎಫ್’ ಎಂದು ಬರೆದಿರುವುದು ಹೆಚ್ಚಾಗಿ ‘ಬಿ’ ಕಿರಣಗಳ ತಡೆಯನ್ನು ಹೇಳುತ್ತದೆ. ‘ಪಿಎ’ ಎಂದು ಬರೆದು ಅದರ ಮುಂದೆ ಹಾಕುವ ಕೂಡುವ ಚಿಹ್ನೆಗಳು ‘ಎ’ ಕಿರಣಗಳಿಗೆ ಸಂಬಂಧಿಸಿದವು. ಈ ಪದ್ಧತಿ 1996ರಲ್ಲಿ ಜಪಾನಿನಲ್ಲಿ ಆರಂಭವಾಯಿತು.

ಅಂಕಿಯ ಅರ್ಥವೇನು?

ಎಸ್‌ಪಿಎಫ್ ಒಂದು ಅನುಪಾತ. ಸನ್‌ಸ್ಕ್ರೀನ್ ಹಚ್ಚದ ಚರ್ಮ ಕೆಂಪಾಗಲು ಬೇಕಾದ ಅತಿನೇರಳೆ ಕಿರಣಗಳ ಪ್ರಮಾಣ ಒಂದು ಪಾಲು ಎಂದಿಟ್ಟುಕೊಳ್ಳಿ. ಹಚ್ಚಿದ ಚರ್ಮಕ್ಕೆ ಐವತ್ತು ಪಾಲು ಬೇಕಾದರೆ ಆ ಸನ್‌ಸ್ಕ್ರೀನ್‌ನ ಎಸ್‌ಪಿಎಫ್ 50. ಎಂದರೆ ಬಿದ್ದ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಪಾಲು, ಶೇ 2ರಷ್ಟು ಒಳಹೋಗುತ್ತದೆ. ಎಸ್‌ಪಿಎಫ್ 30 ಆದರೆ ಸುಮಾರು ಶೇ 3, ಎಸ್‌ಪಿಎಫ್ 15 ಆದರೆ ಸುಮಾರು ಶೇ 7. ಇಲ್ಲಿ ಪ್ರಮಾಣದ ಮಾತಿದೆಯೇ ಹೊರತು ನಿಮಿಷಗಳ ಮಾತಿಲ್ಲ.

ನಲ್ಲಿಯ ಕೆಳಗೆ ಇಟ್ಟ ಕೊಡವನ್ನು ನೆನೆಯಿರಿ. ಕೊಡ ತುಂಬಿ ಹೊರಚೆಲ್ಲಿದರೆ ಚರ್ಮ ಸುಟ್ಟಿತು ಎಂದರ್ಥ. ಬೆಳಿಗ್ಗೆ ಏಳು ಗಂಟೆಯ ಸೂರ್ಯ ತೊಟ್ಟಿಕ್ಕುವ ನಲ್ಲಿ. ನಡುಹಗಲಿನ ಸೂರ್ಯ ಪೂರ್ತಿ ತಿರುಗಿಸಿದ ನಲ್ಲಿ. ಬೆಳಿಗ್ಗೆಯ ಒಂದು ಗಂಟೆಯಲ್ಲಿ ಸೇರುವ ನೀರು ನಡುಹಗಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಸೇರುತ್ತದೆ. ಹೀಗಿರುವಾಗ ‘ಹತ್ತು ನಿಮಿಷ ಗುಣಿಸು ಐವತ್ತು’ ಎಂಬ ಲೆಕ್ಕ ಯಾವ ಹೊತ್ತಿನ ಹತ್ತು ನಿಮಿಷ? ಅದೂ ಅಲ್ಲದೆ ಆ ಹತ್ತು ನಿಮಿಷವೇ ಬಿಳಿಚರ್ಮದವರದು. ನಮ್ಮ ಚರ್ಮ ಸಾಮಾನ್ಯವಾಗಿ ಅಷ್ಟು ಬೇಗ ಸುಡುವುದಿಲ್ಲ.

ಇದೇ ಕೊಡದಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಮಧ್ಯಾಹ್ನ ಮತ್ತೆ ಸನ್‌ಸ್ಕ್ರೀನ್ ಹಚ್ಚಿದರೆ ಅದುವರೆಗೆ ಕೊಡಕ್ಕೆ ಸೇರಿದ ನೀರು ಖಾಲಿಯಾಗುವುದಿಲ್ಲ. ಮುಂದೆ ಸೇರುವುದು ಕಡಿಮೆಯಾಗುತ್ತದೆ, ಅಷ್ಟೆ. ಆದ್ದರಿಂದ ‘ಎರಡನೆಯ ಸಲ ಹಚ್ಚಿದೆ, ಇನ್ನೂ ಐನೂರು ನಿಮಿಷ ಸಿಕ್ಕಿತು’ ಎಂಬುದೂ ಸುಳ್ಳು ಲೆಕ್ಕ.

ಟ್ಯೂಬು ಹೇಳಿದ ಸತ್ಯ

ಇಷ್ಟು ಹೇಳಿದ ಮೇಲೆ ತಾಯಿಯನ್ನು ಕೇಳಿದೆ: ‘ಅಮ್ಮಾ, ಈ ಟ್ಯೂಬನ್ನು ಯಾವಾಗ ಕೊಂಡಿರಿ?’

‘ಜೂನ್‌ನಲ್ಲಿ, ಶಾಲೆ ಶುರುವಾದಾಗ. ದಿನಾ ತಪ್ಪದೆ ಹಚ್ಚುತ್ತಾಳೆ. ಇನ್ನೂ ಮುಗಿದಿಲ್ಲ, ಬಹಳ ದಿನ ಬರುತ್ತದೆ’ ಎಂದರು, ಸ್ವಲ್ಪ ಹೆಮ್ಮೆಯಿಂದಲೇ.

ಟ್ಯೂಬನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ಇಟ್ಟೆ. ಖಾಲಿ ಟ್ಯೂಬಿನ ತೂಕವನ್ನು ಅಂದಾಜಿನಿಂದ ಕಳೆದರೆ ಒಳಗೆ ಸುಮಾರು 35 ಗ್ರಾಂ ಉಳಿದಿತ್ತು. ತುಂಬಿದಾಗ ಇದ್ದದ್ದು 50 ಗ್ರಾಂ. ಸುಮಾರು 60 ದಿನಗಳಲ್ಲಿ ಖರ್ಚಾದದ್ದು 15 ಗ್ರಾಂ, ದಿನಕ್ಕೆ ಕಾಲು ಗ್ರಾಂ.

ಎಷ್ಟು ಬೇಕಿತ್ತು? ಎಸ್‌ಪಿಎಫ್ ಪರೀಕ್ಷೆ ಮಾಡುವಾಗ ಸ್ವಯಂಸೇವಕರ ಬೆನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಅದು ಒಣಗಿದ ಮೇಲೆ ದೀಪದ ಬೆಳಕು ಬಿಟ್ಟು, ಮರುದಿನ ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಾರೆ. ಪರೀಕ್ಷೆಗೆ ಒಳಗಾದವರು ಓಡುವುದಿಲ್ಲ, ಬೆವರುವುದಿಲ್ಲ, ಕರವಸ್ತ್ರದಿಂದ ಬೆನ್ನು ಒರೆಸಿಕೊಳ್ಳುವುದಿಲ್ಲ. ಮುಖ, ಕಿವಿ, ಕತ್ತು ಸೇರಿ ಸುಮಾರು 800 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ 1,600 ಮಿಲಿಗ್ರಾಂ, ಎಂದರೆ ಒಂದೂವರೆ ಗ್ರಾಂಗೂ ಮೇಲೆ ಬೇಕು. ಹುಡುಗಿ ಹಚ್ಚುತ್ತಿದ್ದದ್ದು ಅದರ ಆರನೆಯ ಒಂದು ಪಾಲು!

ಪೊರೆ ತೆಳುವಾದಂತೆ ರಕ್ಷಣೆ ಬೇಗ ಇಳಿಯುತ್ತದೆ. ಅರ್ಧ ಪ್ರಮಾಣ ಹಚ್ಚಿದರೆ 50 ಎಂಬುದು 25ಕ್ಕೆ, ಕೆಲವೊಮ್ಮೆ ಅದಕ್ಕೂ ಬಹಳ ಕೆಳಗೆ ಬರುತ್ತದೆ. ಆರನೆಯ ಒಂದು ಪಾಲಾದರೆ 8ಕ್ಕಿಂತ ಹೆಚ್ಚು ಇರಲಾರದು. ಎಂದರೆ ಆ ಹುಡುಗಿ ಮನೆಯಿಂದ ಹೊರಡುವಾಗಲೇ ಅವಳ ಮುಖದ ಮೇಲೆ ‘50’ ಇರಲಿಲ್ಲ. ಈ ತಪ್ಪು ಅವಳೊಬ್ಬಳದೇ ಅಲ್ಲ. ಅಳೆದು ನೋಡಿದ ಕಡೆಗಳಲ್ಲೆಲ್ಲ ಜನ ಸಾಮಾನ್ಯವಾಗಿ ಹಚ್ಚುವುದು ಬೇಕಾದದ್ದರ ಕಾಲು ಭಾಗದಿಂದ ಅರ್ಧದಷ್ಟು ಎಂದೇ ತಿಳಿದುಬಂದಿದೆ.

ತಾಯಿಯ ಮುಖದಲ್ಲಿದ್ದ ಹೆಮ್ಮೆ ಇಳಿಯಿತು. ಉಳಿತಾಯ ಎಂದುಕೊಂಡಿದ್ದೇ ನಷ್ಟವಾಗಿತ್ತು.

ಹಾಗಾದರೆ ಎಷ್ಟು ಹೊತ್ತು?

ಸರಿಯಾದ ಪ್ರಮಾಣದಲ್ಲಿಯೇ ಹಚ್ಚಿದೆವು ಎನ್ನೋಣ. ಆಗ ಅದು ಎಷ್ಟು ಹೊತ್ತು ಉಳಿಯುತ್ತದೆ? ಡೆನ್ಮಾರ್ಕ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತ್ತು. ಸ್ವಯಂಸೇವಕರಿಗೆ ಪೂರ್ತಿ ಪ್ರಮಾಣದಲ್ಲಿ ಸನ್‌ಸ್ಕ್ರೀನ್ ಹಚ್ಚಿ, ದಿನದಲ್ಲಿ ವ್ಯಾಯಾಮ, ಸೆಕೆ, ಸ್ನಾನ ಎಲ್ಲವನ್ನೂ ಮಾಡಿಸಿದರು. ನಾಲ್ಕು ಗಂಟೆಗಳಲ್ಲಿ ರಕ್ಷಣೆ ಸುಮಾರು ಶೇ 40ರಷ್ಟು ಇಳಿದಿತ್ತು. ಎಂಟು ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಖನಿಜದ ಬಗೆಯಾಗಲಿ ಇನ್ನೊಂದಾಗಲಿ, ವ್ಯತ್ಯಾಸ ಹೆಚ್ಚಿರಲಿಲ್ಲ.

ಇದರಿಂದ ಎರಡು ವಿಷಯ ಸ್ಪಷ್ಟ. ಸನ್‌ಸ್ಕ್ರೀನ್ ಎರಡು ಗಂಟೆ ಹೊಡೆದ ಕೂಡಲೇ ಆವಿಯಾಗಿ ಹೋಗುವುದಿಲ್ಲ. ಹಾಗೆಂದು ಬೆಳಿಗ್ಗೆಯದು ಸಂಜೆಯವರೆಗೆ ಹಾಗೆಯೇ ಇರುವುದೂ ಇಲ್ಲ. ಅದನ್ನು ಇಳಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ನಮ್ಮ ಕೆಲಸ. ಬೆವರು ಪೊರೆಯನ್ನು ಒಡೆದು ಹರಿಸುತ್ತದೆ. ಕರವಸ್ತ್ರ ಒರೆಸಿ ಒಯ್ಯುತ್ತದೆ. ಹೆಲ್ಮೆಟ್ಟಿನ ಪಟ್ಟಿ, ಕನ್ನಡಕ, ದುಪಟ್ಟಾ, ಶಾಲಾ ಚೀಲದ ಪಟ್ಟಿ ಉಜ್ಜಿ ತೆಗೆಯುತ್ತವೆ. ಮುಖ ತೊಳೆದರಂತೂ ಮುಗಿದೇ ಹೋಯಿತು. ಸಾಲದ್ದಕ್ಕೆ ಅವೊಬೆಂಜೋನ್‌ನಂಥ ರಾಸಾಯನಿಕಗಳು, ಅವನ್ನು ಸ್ಥಿರವಾಗಿಡುವ ಬೇರೆ ವಸ್ತು ಸೇರಿಸದಿದ್ದರೆ, ಬಿಸಿಲು ಬಿದ್ದಂತೆ ತಾವೇ ಒಡೆಯುತ್ತವೆ.

ಒಳಗೆ ಕುಳಿತು ಕೆಲಸ ಮಾಡುವವರ ಕಥೆ ಬೇರೆ. ಬೆವರಿಲ್ಲ, ಒರೆಸುವುದಿಲ್ಲ ಎಂದಾದರೆ ಬೆಳಿಗ್ಗೆ ಹಚ್ಚಿದ್ದರಲ್ಲಿ ಬಹುಪಾಲು ಮಧ್ಯಾಹ್ನದವರೆಗೂ ಉಳಿದಿರುತ್ತದೆ. ತರಗತಿಯಲ್ಲಿ ಕುಳಿತ ಹುಡುಗಿಗೂ ಅಂಗಳದಲ್ಲಿ ಖೊ ಖೊ ಆಡುವ ಹುಡುಗಿಗೂ ಒಂದೇ ಲೆಕ್ಕ ಹೊಂದುವುದಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲಿ ತಂದ ನಿಯಮಗಳನ್ನು ಇಲ್ಲಿ ನೆನೆಯಬಹುದು. ‘ನೀರು ತಾಗದು’, ‘ಬೆವರು ತಾಗದು’ ಎಂದು ಲೇಬಲ್ಲಿನಲ್ಲಿ ಬರೆಯುವುದನ್ನು ಅದು ನಿಷೇಧಿಸಿತು. ನೀರಿನಲ್ಲಿ 40 ನಿಮಿಷ ಅಥವಾ 80 ನಿಮಿಷ ತಡೆಯುತ್ತದೆ ಎಂದು ಪರೀಕ್ಷಿಸಿ ಬರೆಯಬಹುದು, ಅಷ್ಟೆ. ಹೊರಗಿರುವಾಗ ಕನಿಷ್ಠ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ ಎಂಬ ಸೂಚನೆಯೂ ಇರಬೇಕು. 80 ನಿಮಿಷವೇ ಅತಿ ದೊಡ್ಡ ಭರವಸೆ ಎಂದಾದಾಗ ಐನೂರು ನಿಮಿಷದ ಮಾತು ಎಲ್ಲಿಂದ ಬಂತು?

ಬ್ರಿಟನ್ನಿನ ವಿಜ್ಞಾನಿ ಬ್ರಯನ್ ಡಿಫಿ 2001ರಲ್ಲಿ ಒಂದು ಉಪಯುಕ್ತ ಲೆಕ್ಕ ಮುಂದಿಟ್ಟರು. ಹೊರಡುವ ಮೊದಲು ಒಮ್ಮೆ, ಬಿಸಿಲಿಗೆ ಬಂದ 15ರಿಂದ 30 ನಿಮಿಷಗಳಲ್ಲಿ ಇನ್ನೊಮ್ಮೆ ಹಚ್ಚುವುದು, ಎರಡು ಗಂಟೆ ಕಾಯುವುದಕ್ಕಿಂತ ಲೇಸು. ಕಾರಣ ಸರಳ. ಮೊದಲ ಸಲ ತೆಳುವಾಗಿ ಉಳಿದ ಜಾಗ, ಬಿಟ್ಟುಹೋದ ಕಿವಿ, ಕತ್ತಿನ ಹಿಂಭಾಗ ಎರಡನೆಯ ಸಲ ತುಂಬುತ್ತದೆ. ಗೋಡೆಗೆ ಸುಣ್ಣ ಬಳಿಯುವವರು ಒಂದೇ ಸಲಕ್ಕೆ ನಿಲ್ಲಿಸುತ್ತಾರೆಯೇ?

‘ಮೋಡ ಇತ್ತಲ್ಲ ಮೇಷ್ಟ್ರೇ?’

ತಾಯಿಗೆ ಇನ್ನೊಂದು ಅನುಮಾನ ಉಳಿದಿತ್ತು. ‘ಅವತ್ತು ಮೋಡ ಇತ್ತಲ್ಲ ಮೇಷ್ಟ್ರೇ? ಬೇಸಿಗೆಯೂ ಅಲ್ಲ.’

ಇಲ್ಲಿಯೇ ನಾವು ಮೋಸ ಹೋಗುವುದು. ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ನೇರಕ್ಕೆ ಬರುತ್ತಾನೆ. ಒಮ್ಮೆ ಏಪ್ರಿಲ್ 24ರ ಸುಮಾರಿಗೆ, ಇನ್ನೊಮ್ಮೆ ಆಗಸ್ಟ್ 18ರ ಸುಮಾರಿಗೆ. ಆ ದಿನಗಳಲ್ಲಿ ನಡುಹಗಲು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಎಂದರೆ ಆಗಸ್ಟ್ ಕೊನೆಯ ಸೂರ್ಯ ಏಪ್ರಿಲ್‌ನ ಸೂರ್ಯನಷ್ಟೇ ಎತ್ತರದಲ್ಲಿರುತ್ತಾನೆ. ತಂಪು ಗಾಳಿ, ಮೋಡ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ತೆಳುವಾದ ಮೋಡ ಶಾಖವನ್ನು ತಗ್ಗಿಸಿದರೂ ಅತಿನೇರಳೆ ಕಿರಣಗಳಲ್ಲಿ ಹೆಚ್ಚಿನ ಭಾಗವನ್ನು ಬಿಟ್ಟುಕೊಡುತ್ತದೆ.

ಅತಿನೇರಳೆ ಸೂಚ್ಯಂಕ ಎಂಬ ಅಳತೆಯಿದೆ. ಅದು 3 ದಾಟಿದರೆ ರಕ್ಷಣೆ ಬೇಕು; 11 ಮುಟ್ಟಿದರೆ ‘ವಿಪರೀತ’ ಎಂಬ ಮಟ್ಟ. ನಮ್ಮ ನಾಡಿನ ಬೇಸಿಗೆಯ ನಡುಹಗಲಿನಲ್ಲಿ 11 ದಾಟುವುದು ಹೊಸದಲ್ಲ. ಈಗ ಮೊಬೈಲಿನಲ್ಲಿ ಹವಾಮಾನದ ಜೊತೆ ಈ ಅಂಕಿಯೂ ಸಿಗುತ್ತದೆ. ಮೊಬೈಲ್ ಇಲ್ಲದ ಮಕ್ಕಳಿಗೆ ಅದಕ್ಕಿಂತ ಸುಲಭದ ಉಪಾಯವಿದೆ: ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಚರ್ಮಕ್ಕೆ ಪ್ರಬಲವಾಗಿದೆ ಎಂದು ತಿಳಿಯಿರಿ.

ಕಪ್ಪಾಗುವ ಭಯ

ಮಾತು ಮುಗಿಯುವ ಹೊತ್ತಿಗೆ ತಾಯಿಯ ನಿಜವಾದ ಚಿಂತೆ ಹೊರಬಂತು. ‘ಉರಿ ವಾಸಿಯಾಗುತ್ತೆ ಬಿಡಿ. ಹೀಗೇ ಕಪ್ಪಾಗ್ತಾ ಹೋದರೆ ನಾಳೆ ಮದುವೆ ಮಾಡೋದು ಹೇಗೆ?’

ವಿಜ್ಞಾನದ ಮೇಷ್ಟ್ರಾದ ನಾನು ಇದಕ್ಕೆ ವಿಜ್ಞಾನದಿಂದಲೇ ಉತ್ತರ ಕೊಡಬೇಕಾಯಿತು. ಚರ್ಮದ ಕಪ್ಪು ಬಣ್ಣ ರೋಗವಲ್ಲ, ದೇಹ ತಾನೇ ನೆಯ್ದುಕೊಂಡ ಕೊಡೆ. ಮೆಲನಿನ್ ಎಂಬ ವರ್ಣದ್ರವ್ಯ ಜೀವಕೋಶಗಳ ಕೇಂದ್ರದ ಮೇಲೆ ಕವಿದು ಅದರೊಳಗಿನ ವಂಶವಾಹಿಗಳನ್ನು ಕಾಯುತ್ತದೆ. ಗಾಢ ಕಪ್ಪು ಚರ್ಮದ ಹೊರಪದರ ಸುಮಾರು 13 ಎಸ್‌ಪಿಎಫ್‌ನಷ್ಟು ತಡೆದರೆ, ಬಿಳಿಚರ್ಮದ ಹೊರಪದರ ಸುಮಾರು 3ರಷ್ಟು ಮಾತ್ರ ತಡೆಯುತ್ತದೆ ಎಂದು 1979ರಲ್ಲಿಯೇ ಅಳೆದಿದ್ದಾರೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ ಇರುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಈ ಕೊಡೆಯಲ್ಲೂ ತೂತುಗಳಿವೆ. ಹುಡುಗಿಯ ಮೂಗೇ ಸಾಕ್ಷಿ.

ಸನ್‌ಸ್ಕ್ರೀನ್ ಬೆಳ್ಳಗೆ ಮಾಡುವ ಕ್ರೀಮಲ್ಲ. ಸುಡುವುದನ್ನು, ಕಲೆ ಕಟ್ಟುವುದನ್ನು, ಕಾಲಾಂತರದ ಹಾನಿಯನ್ನು ತಗ್ಗಿಸುವುದು ಅದರ ಕೆಲಸ. ಈ ಕೆಲಸವನ್ನು ಅದು ಮಾಡುತ್ತದೆಂಬುದಕ್ಕೆ ಆಸ್ಟ್ರೇಲಿಯದ ನಂಬೂರ್ ಎಂಬ ಊರಿನ ಪ್ರಯೋಗ ಸಾಕ್ಷಿ. 1992ರಲ್ಲಿ ಆರಂಭವಾದ ಅದರಲ್ಲಿ 1,600ಕ್ಕೂ ಹೆಚ್ಚು ಜನ ಪಾಲ್ಗೊಂಡರು. ಒಂದು ಗುಂಪು ದಿನವೂ ಬೆಳಿಗ್ಗೆ ಎಸ್‌ಪಿಎಫ್ 15ರ ಸನ್‌ಸ್ಕ್ರೀನ್ ಹಚ್ಚಬೇಕಿತ್ತು. ಬಹಳ ಬೆವರಿದ ಮೇಲೆ, ಸ್ನಾನದ ಮೇಲೆ ಮತ್ತೆ ಹಚ್ಚಬೇಕಿತ್ತು. ಇನ್ನೊಂದು ಗುಂಪು ಎಂದಿನಂತೆ ತನ್ನಿಷ್ಟದ ಪ್ರಕಾರ ನಡೆಯಿತು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಗೆಡ್ಡೆಗಳು ಸುಮಾರು ಶೇ 40ರಷ್ಟು ಕಡಿಮೆ ಎಂದು 1999ರಲ್ಲಿ ವರದಿಯಾಯಿತು. ಅವರ ಚರ್ಮ ಮುಪ್ಪಾಗುವುದೂ ನಿಧಾನವಾಗಿದೆ ಎಂದು 2013ರಲ್ಲಿ ತಿಳಿಯಿತು. ಗಮನಿಸಿ, ಅಂಕಿ ಬರೀ 15. ಗೆದ್ದದ್ದು ಅಂಕಿಯಲ್ಲ, ತಪ್ಪದ ಅಭ್ಯಾಸ.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಅಂಗಡಿಗಳಲ್ಲಿ ಖೋಟಾ ನೋಟು ಪತ್ತೆಗೆ ಇಡುವ ಅತಿನೇರಳೆ ದೀಪವನ್ನು ಹಿರಿಯರ ಮೂಲಕ ಕೇಳಿ ತನ್ನಿ. ಕತ್ತಲು ಕೋಣೆಯಲ್ಲಿ ರೂಪಾಯಿ ನೋಟನ್ನು ಅದರ ಕೆಳಗಿಟ್ಟರೆ ಸಂಖ್ಯೆಗಳು, ಸಣ್ಣ ಎಳೆಗಳು ಮಿನುಗುತ್ತವೆ. ದೀಪವನ್ನು ನೇರವಾಗಿ ನೋಡಬೇಡಿ. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೋಟಿನ ಮೇಲಿಡಿ. ಮಿನುಗು ಇನ್ನೂ ಕಾಣಬೇಕು. ಈಗ ಹಾಳೆಯ ಒಂದು ಭಾಗಕ್ಕೆ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿ. ಇನ್ನೊಂದು ಭಾಗಕ್ಕೆ ತೆಳ್ಳಗೆ ಹಚ್ಚಿ. ಮೂರನೆಯ ಭಾಗಕ್ಕೆ ದಪ್ಪಗೆ ಹಚ್ಚಿ ಒದ್ದೆ ಕರವಸ್ತ್ರದಿಂದ ಒರೆಸಿ. ಎಲ್ಲಿ ಮಿನುಗು ಮಂಕಾಯಿತು, ಎಲ್ಲಿ ಹಾಗೆಯೇ ಉಳಿಯಿತು ಎಂದು ಬರೆದಿಡಿ. ನಾನು ಇಷ್ಟು ಪುಟಗಳಲ್ಲಿ ಹೇಳಿದ್ದನ್ನು ಆ ನೋಟು ಒಂದೇ ನಿಮಿಷದಲ್ಲಿ ಹೇಳುತ್ತದೆ.

ನೆನಪಿನಲ್ಲಿಡಿ

* ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಸನ್‌ಸ್ಕ್ರೀನ್ ಮುಖ ಮತ್ತು ಕತ್ತಿಗೆ ಬೇಕು. ಕಿವಿಯನ್ನು ಮರೆಯಬೇಡಿ.
* ಹೊರಡುವ 15–20 ನಿಮಿಷ ಮೊದಲು ಹಚ್ಚಿ. ಮೈದಾನಕ್ಕೆ ಹೋದ ಮೇಲೆ ಇನ್ನೊಮ್ಮೆ ಹಚ್ಚಿ.
* ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ. ಬೆವರು ಹರಿದರೆ, ಮುಖ ಒರೆಸಿದರೆ, ತೊಳೆದರೆ ಗಂಟೆ ನೋಡದೆ ಆಗಲೇ ಹಚ್ಚಿ.
* ಬೆವರನ್ನು ಉಜ್ಜಿ ಒರೆಸಬೇಡಿ, ಬಟ್ಟೆ ಒತ್ತಿ ತೆಗೆಯಿರಿ.
* ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಸಾಕು.
* ಟ್ಯೂಬನ್ನು ಬಿಸಿಲಿನಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಅವಧಿ ಮೀರಿದ್ದನ್ನು ಬಳಸಬೇಡಿ.

ಸರಿಯಾದ ಪ್ರಮಾಣದಲ್ಲಿ ಹಚ್ಚುತ್ತ ಹೋದರೆ 50 ಗ್ರಾಂ ಟ್ಯೂಬು ಮುಖ, ಕತ್ತಿಗೆ ಮೂವತ್ತು ಸಲ ಬರುತ್ತದೆ. ಇದು ಎಲ್ಲ ಮನೆಗಳಿಗೂ ಎಟುಕುವ ಖರ್ಚಲ್ಲ. ಎಟುಕದವರು ಎದೆಗುಂದಬೇಕಿಲ್ಲ. ಅಗಲ ಅಂಚಿನ ಟೊಪ್ಪಿ, ತೋಳು ಮುಚ್ಚುವ ಅಂಗಿ, ಮರದ ನೆರಳು ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಹೊಸದಾಗಿ ಬೇಡವೂ ಬೇಡ. ನಮ್ಮ ಅಡಿಕೆ ತೋಟದವರ ಹಾಳೆ ಟೊಪ್ಪಿಗೆ ಎಸ್‌ಪಿಎಫ್ ಅಂಕಿ ಇಲ್ಲದಿದ್ದರೂ ನೆರಳಂತೂ ಇದೆ. ಇನ್ನು ಶಾಲೆಗಳವರಿಗೆ ಒಂದು ವಿನಂತಿ. ದಿನದ ಅತಿನೇರಳೆ ಕಿರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ನಡುಹಗಲಿನ ನಾಲ್ಕು ಗಂಟೆಗಳಲ್ಲಿ. ಓಟ, ಆಟಗಳನ್ನು ಹತ್ತರೊಳಗೆ ಅಥವಾ ಮೂರೂವರೆಯ ನಂತರ ಇಟ್ಟುಕೊಳ್ಳೋಣ. ಅತಿಥಿಗಳ ಭಾಷಣಕ್ಕೆ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವ ಪದ್ಧತಿಯನ್ನಾದರೂ ಬಿಡೋಣ.

ಆ ತಾಯಿ ಅಂದು ಹೆಚ್ಚೇನೂ ಹೇಳದೆ ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಎರಡು ವಾರ ಹುಡುಗಿ ಮೈದಾನಕ್ಕೆ ಬರಲಿಲ್ಲ. ಮೂರನೆಯ ವಾರ ಬಂದಳು, ತಲೆಗೆ ಅಣ್ಣನ ಕ್ರಿಕೆಟ್ ಟೊಪ್ಪಿ ಹಾಕಿಕೊಂಡು. ಅಭ್ಯಾಸದ ನಡುವೆ ವಿರಾಮ ಸಿಕ್ಕಾಗ ಬೇವಿನ ಮರದ ಕೆಳಗೆ ಕುಳಿತು ಎರಡು ಬೆರಳುಗಳ ಮೇಲೆ ಉದ್ದಕ್ಕೆ ಗೆರೆ ಎಳೆದು, ಪಕ್ಕದ ಗೆಳತಿಗೂ ಕೊಟ್ಟಳು.

‘ಸಾರ್, ಟ್ಯೂಬು ಆಗಲೇ ಮುಗೀತು, ಇದು ಎರಡನೇದು’ ಎಂದಳು ನಗುತ್ತ.

‘ಅಮ್ಮ ಬೈಯಲಿಲ್ಲವೇ?’ ಎಂದೆ.

‘ಇಲ್ಲ ಸಾರ್. ಅವರೇ ತಂದುಕೊಟ್ಟರು.’